ಓವನ್ನಿನ ಒಳಗೊಂದು ಕಡ್ಡಿ

ಟಿಕ್.

ಅಷ್ಟೇ ಸದ್ದು. ಅದರ ಹಿಂದೆಯೇ ಸುಯ್ಯೆಂದು ಗಾಳಿ ಎದ್ದಂತಾಗಿ ಸ್ವಲ್ಪ ಹೊತ್ತಿಗೆ ನಿಂತಿತು. ನನ್ನ ನಿದ್ದೆ ಮೊದಲಿನಿಂದಲೂ ತೆಳು. ಗ್ಯಾಸ್ ಬಂದ್ ಮಾಡಿದ್ದೇನೆಯೇ, ಹಿಂಬಾಗಿಲಿಗೆ ಚಿಲಕ ಹಾಕಿದ್ದೇನೆಯೇ ಎಂದು ಮಲಗಿದ ಮೇಲೂ ಎದ್ದು ಹೋಗಿ ನೋಡುವವಳು ನಾನು. ಪಕ್ಕದಲ್ಲಿ ನನ್ನ ಗಂಡ ಮನ್ವಿತ್ ಗೋಡೆಗೆ ಮುಖ ಮಾಡಿ ಮಲಗಿದ್ದರು. ಮಡಂತ್ಯಾರು ಪೇಟೆಯ ಏರಿನಲ್ಲಿ ಲಾರಿಯೊಂದು ಗೇರು ಬದಲಿಸಿತು. ಅದು ದೂರವಾದ ಮೇಲೆ ಮತ್ತೆ ಟಿಕ್.

ಎದ್ದು ಅಡುಗೆಮನೆಗೆ ಹೋದೆ. ದೀಪ ಹಾಕಿರಲಿಲ್ಲ. ಓವನ್ನಿನ ಮುಂಭಾಗದಲ್ಲಿ ಕೆಂಪು ಅಕ್ಷರವೊಂದು ಉರಿಯುತ್ತಿತ್ತು. ಒಳಗೆ ಬಿಸಿ ಇದೆ, ಮುಟ್ಟಬೇಡಿ ಎಂದು ಅದರ ಅರ್ಥ. ಆ ಬೆಳಕಿನಲ್ಲಿ ನನ್ನ ಅತ್ತೆ ಪದ್ಮಾಕ್ಷಿ ಕಂಡರು. ನೆಲದ ಮೇಲೆ ಮೊಣಕಾಲೂರಿ, ಓವನ್ನಿನ ಬಾಗಿಲನ್ನು ಕೆಳಗೆಳೆದು, ತಲೆಯನ್ನು ಕತ್ತಿನವರೆಗೂ ಒಳಗಿಟ್ಟಿದ್ದರು.

"ಮಾಮಿ!"

ಅವರು ಗಾಬರಿಯಾಗಲಿಲ್ಲ. ತಲೆಯನ್ನು ಮೆಲ್ಲನೆ ಹೊರಗೆ ತೆಗೆದು ತುಟಿಯ ಮೇಲೆ ಬೆರಳಿಟ್ಟರು.

"ಮೆಲ್ಲ ಮಾತಾಡು ಮಗಾ. ಉಸಿರು ಬಿಡ್ತಾ ಇದ್ದಾಳೆ. ಕೇಳು."

ನಾನು ಕೈ ಚಾಚಿ ಒಳಗಿನ ಗೋಡೆಯನ್ನು ಮುಟ್ಟಿದೆ. ಬಾವಿಕಟ್ಟೆಯ ಕಲ್ಲಿನಷ್ಟು ತಣ್ಣಗಿತ್ತು. ಕೆಂಪು ಅಕ್ಷರ ಮಾತ್ರ ಬಿಸಿ ಬಿಸಿ ಎನ್ನುತ್ತಲೇ ಇತ್ತು.

ಆ ಓವನ್ ನನ್ನ ನಾದಿನಿ ವಿಸ್ಮಿತಾಳದು. ಅವಳು ಮಂಗಳೂರಿನಲ್ಲಿ ಕೇಕ್ ಮಾಡಲು ಕಲಿತು ಬಂದು, ಮನೆಯಿಂದಲೇ ಆರ್ಡರು ತೆಗೆದುಕೊಳ್ಳುತ್ತಿದ್ದಳು. ಬಿ.ಸಿ. ರೋಡಿನಿಂದ ಬೆಳ್ತಂಗಡಿಯವರೆಗೆ ಅವಳ ಕೇಕ್ ಕತ್ತರಿಸದ ಹುಟ್ಟುಹಬ್ಬ ಕಡಿಮೆ. ಕಳೆದ ವರ್ಷ ಮಳೆ ಹಿಡಿದ ಹೊಸತರಲ್ಲಿ ಬೆಳ್ತಂಗಡಿಯ ಒಂದು ನಿಶ್ಚಿತಾರ್ಥಕ್ಕೆ ದೊಡ್ಡ ಕೇಕ್ ಒಪ್ಪಿಕೊಂಡಿದ್ದಳು. ಮೊದಲು ಮಾಡಿದ್ದು ಕರಟಿಹೋಯಿತು. ಮೇಲೆಲ್ಲ ಇದ್ದಿಲು, ಒಳಗೆ ಹಸಿ ಹಿಟ್ಟು. ಆ ದಿನ ನಾನು ಮೂಡುಬಿದಿರೆಯಲ್ಲಿ, ನಾನು ಕೆಲಸ ಮಾಡುವ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿದ್ದೆ. ಮನ್ವಿತ್ ಅಂಗಡಿಯಿಂದ ಫೋನ್ ಮಾಡಿದಾಗ ಅವಳು, "ತಪ್ಪು ನನ್ನದೇ ಅಣ್ಣ. ಮೊಬೈಲ್ ನೋಡ್ತಾ ಕೂತುಬಿಟ್ಟೆ" ಎಂದಳಂತೆ. ಎರಡನೆಯದನ್ನು ಓವನ್ನಿನ ಮುಂದೆಯೇ ಕುಳಿತು, ಮತ್ತೆ ಮತ್ತೆ ಬಾಗಿಲು ತೆರೆದು ಚುಚ್ಚಿ ನೋಡಿ, ಹೇಗೋ ಬೇಯಿಸಿದಳು. ಹೊರಡುವಾಗ ತಡವಾಗಿತ್ತು. ಕೇಕಿನ ಡಬ್ಬಿಯನ್ನು ಸ್ಕೂಟಿಯ ಮುಂದೆ ಇಟ್ಟುಕೊಂಡು ಮಳೆಯಲ್ಲಿ ವೇಗವಾಗಿ ಹೋದಳು. ಗುರುವಾಯನಕೆರೆ ದಾಟುವ ಮೊದಲು ತಿರುವಿನಲ್ಲಿ ಟಿಪ್ಪರ್ ಎದುರಾಯಿತು.

ಮನ್ವಿತ್ ಅವರದು ಬಿ.ಸಿ. ರೋಡಿನಲ್ಲಿ ಪಂಪುಸೆಟ್ಟಿನ ಅಂಗಡಿ. ಸುಟ್ಟ ಮೋಟಾರು ತಂದವರೆಲ್ಲ ಕರೆಂಟಿನವರನ್ನು ಬೈಯುತ್ತಾರೆ. ಇವರು ಒಪ್ಪುವುದಿಲ್ಲ. "ಮೋಟಾರ್ ತಾನಾಗಿ ಸುಡುವುದಿಲ್ಲ ಮಾರಾಯ್ರೆ, ಸುಟ್ಟವರು ಒಬ್ಬರು ಇರ್ತಾರೆ" ಎನ್ನುತ್ತಾರೆ. ನೀರಿಲ್ಲದೆ ಓಡಿಸಿದ್ದು ತಾನೇ ಎಂದು ತಂದವರು ಒಪ್ಪಿಕೊಳ್ಳುವವರೆಗೆ ಬಿಚ್ಚಿ, ಮೂಸಿ, ಕೇಳುತ್ತಲೇ ಇರುತ್ತಾರೆ. ತಂಗಿಯ ವಿಷಯದಲ್ಲೂ ಅವರು ಹಾಗೆಯೇ ತೀರ್ಮಾನಿಸಿದ್ದರು. ಮೊಬೈಲ್ ಇಲ್ಲದಿದ್ದರೆ ಕೇಕ್ ಕರಟುತ್ತಿರಲಿಲ್ಲ, ಕೇಕ್ ಕರಟದಿದ್ದರೆ ತಡವಾಗುತ್ತಿರಲಿಲ್ಲ. ಬೊಜ್ಜದ ದಿನ, ಅವಳ ಉತ್ತರಕ್ರಿಯೆಗೆ ಬಂದವರ ಎದುರೂ ಇದನ್ನೇ ಹೇಳಿದರು. ಅವರಿಗೆ ಅದು ಸಿಟ್ಟಾಗಿರಲಿಲ್ಲ, ಹಿಡಿದುಕೊಳ್ಳಲು ಸಿಕ್ಕಿದ ಒಂದೇ ಒಂದು ಗೂಟ. ಎಲ್ಲರೂ ತಲೆಯಾಡಿಸಿದರು. ಈಗಿನ ಹುಡುಗಿಯರು, ಮೊಬೈಲ್. ಅವಳ ಹೆಸರಿನ ಜೊತೆ ಆ ಮಾತೂ ಉಳಿದುಕೊಂಡಿತು.

ಅವಳು ಹೋದ ಮೇಲೆ ಓವನ್ನನ್ನು ಯಾರೂ ಬಳಸಲಿಲ್ಲ. ಆದರೆ ಅತ್ತೆ ಅದರ ಸ್ವಿಚ್ ತೆಗೆಯಲು ಬಿಡುತ್ತಿರಲಿಲ್ಲ. ಸ್ವಿಚ್ ತೆಗೆದರೆ ಗಡಿಯಾರ ತಪ್ಪುತ್ತದೆ ಎಂದು ವಿಸ್ಮಿತಾ ಹೇಳುತ್ತಿದ್ದಳಲ್ಲ. ಕರೆಂಟು ಹೋಗಿ ಬಂದಾಗಲೆಲ್ಲ ನಾನು ಆ ಗಡಿಯಾರವನ್ನು ಸರಿಮಾಡಬೇಕಿತ್ತು. ಈ ಮಳೆಗಾಲ ಶುರುವಾದ ಮೇಲೆ ಟಿಕ್ ಎಂಬ ಸದ್ದು ಬಂತು. ಅತ್ತೆ ಹಾಸಿಗೆ ಬಿಟ್ಟು ಅಡುಗೆಮನೆಯ ನೆಲದಲ್ಲಿ ಚಾಪೆ ಹಾಕಿದರು. ರಾತ್ರಿಯ ಊಟ ಬಿಟ್ಟರು. ಮೊದಮೊದಲು ಓವನ್ನಿನ ಎದುರು ಕುಳಿತು ಮಾತನಾಡುತ್ತಿದ್ದರು. ಈಗ ತಲೆಯನ್ನೇ ಒಳಗಿಟ್ಟಿದ್ದರು. ತಣ್ಣಗಿರುವಾಗ ಬಿಸಿ ಎಂದು ತಿಳಿಯುವ ಯಂತ್ರ, ಇನ್ನೊಂದು ರಾತ್ರಿ ಅವರ ತಲೆ ಒಳಗಿರುವಾಗ ಬಿಸಿ ಮಾಡುವ ಕಾಯಿಲನ್ನೇ ಉರಿಸಿದರೆ? ನಾನು ಆ ರಾತ್ರಿ ಬೆಳಗಿನವರೆಗೂ ಅವರ ಚಾಪೆಯ ತುದಿಯಲ್ಲಿ ಕುಳಿತಿದ್ದೆ.

ಬೆಳಿಗ್ಗೆ ಮನ್ವಿತ್‌ಗೆ ಹೇಳಲೇಬೇಕಾಯಿತು.

"ಇವತ್ತೇ ಪಿಕಪ್ ತರಿಸ್ತೇನೆ. ಈ ಶನಿ ಮನೆಯಿಂದ ಹೋಗ್ಲಿ" ಎಂದರು.

ಅತ್ತೆ ಕುಚ್ಚಲಕ್ಕಿ ಗಂಜಿಗೆ ಉಪ್ಪು ಹಾಕುತ್ತಿದ್ದವರು ತಿರುಗದೆಯೇ ಹೇಳಿದರು, "ಪಿಕಪ್‌ನಲ್ಲಿ ನನಗೂ ಜಾಗ ಇಡು ಮಗಾ. ಗುಜರಿಯವನು ತೂಕ ನೋಡುವಾಗ ನನ್ನನ್ನೂ ಒಟ್ಟಿಗೆ ಕೂರಿಸು. ನಾಲ್ಕು ಕಾಸು ಹೆಚ್ಚು ಸಿಗ್ತದೆ."

"ಅಮ್ಮ, ನೀವು ಹೀಗೆ ಮಾತಾಡಿದರೆ ನಾನು ಏನು ಮಾಡುವುದು?"

"ನೀನು ಮಾತಾಡಬೇಡ. ನೀನು ಮಾತಾಡಿದ್ದು ಸಾಕು."

ನಾನು ನಡುವೆ ಹೋದೆ. "ಆಟಿ ಬಡಿಸುವವರೆಗೆ ಬಿಡಿ. ಅಷ್ಟರಲ್ಲಿ ಇದು ಯಾಕೆ ಸದ್ದು ಮಾಡ್ತದೆ ಅಂತ ನಾನು ನೋಡ್ತೇನೆ."

"ನೋಡಿ ಏನು ಮಾಡ್ಲಿಕ್ಕುಂಟು?"

"ಮಾಮಿಗೆ ತೋರಿಸ್ತೇನೆ. ಇಂಥ ವೈರು, ಇಂಥ ಕಡೆ ಕೆಟ್ಟಿದೆ, ಅದಕ್ಕೇ ಸದ್ದು ಅಂತ. ಕಣ್ಣಿನಿಂದ ನೋಡಿದ ಮೇಲೆ ಅವರು ಹಾಸಿಗೆಗೆ ಬರ್ತಾರೆ."

ಅದನ್ನು ನಾನು ನಂಬಿದ್ದೆ. ಕಾರಣ ಗೊತ್ತಾದರೆ ಭಯ ಹೋಗುತ್ತದೆ ಎಂದು ವರ್ಷಗಳಿಂದ ಮಕ್ಕಳಿಗೆ ಹೇಳಿಕೊಂಡು ಬಂದವಳು ನಾನು.

ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ನಮ್ಮಲ್ಲಿ ತೀರಿಕೊಂಡವರಿಗೆ ಬಡಿಸುತ್ತೇವೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಇಟ್ಟು, ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಕರೆದು ತೆರೆಯುವುದು. ಕಳೆದ ಆಟಿಯಲ್ಲಿ ಅತ್ತೆ ಮೇಲೆದ್ದೇ ಇರಲಿಲ್ಲ. ಹಾಗಾಗಿ ವಿಸ್ಮಿತಾಳಿಗೆ ಇದು ಮೊದಲ ಎಲೆ. ಅದಕ್ಕೆಂದು ಅತ್ತೆಯ ತಂಗಿ ಮೋಹಿನಿ ಚಿಕ್ಕಮ್ಮ ಅಳದಂಗಡಿಯಿಂದ ಬರುವವರಿದ್ದರು.

ಅದಕ್ಕೂ ಮೊದಲು ಮೂಡುಬಿದಿರೆಯಿಂದ ಫಯಾಝ್‌ನನ್ನು ಕರೆಸಿದೆ. ಕಾಲೇಜಿನ ಹತ್ತಿರ ಮಿಕ್ಸಿ, ಮೈಕ್ರೋವೇವ್ ರಿಪೇರಿಯ ಅಂಗಡಿ ಇಟ್ಟುಕೊಂಡಿರುವವನು. ಅವನು ಮುಂದಿನ ಫಲಕವನ್ನು ಬಿಚ್ಚಿ ಟಾರ್ಚ್ ಹಿಡಿದು ನೋಡಿದ.

"ಟೀಚರ್, ಬೋರ್ಡ್ ಹೋಗಿದೆ. ಈ ಮಾಡೆಲಿನ ಬೋರ್ಡ್ ಈಗ ಬರುವುದೇ ಇಲ್ಲ. ಹೊಸತು ತೆಗೆಯುವುದು ಒಳ್ಳೆಯದು."

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಎಲ್ಲ ಬಿಚ್ಚಿ ಹಾಕ್ತೀಯಾ ಅವಳನ್ನು?"

ಫಯಾಝ್ ನನ್ನ ಮುಖ ನೋಡಿದ. "ಇಲ್ಲ ಅಮ್ಮ, ಹಾಗೆಲ್ಲ ಇಲ್ಲ" ಎಂದು ಅವಸರದಲ್ಲಿ ಸ್ಕ್ರೂ ಹಾಕಿದ. ಮೆಟ್ಟಿಲಿಳಿಯುವಾಗ ಒಂದು ಸ್ಕ್ರೂ ಅವನ ಕೈಯಲ್ಲೇ ಉಳಿದಿತ್ತು. ಅದನ್ನು ನನಗೆ ಕೊಟ್ಟು, ಚಹಾ ಕೂಡ ಕುಡಿಯದೆ ಹೋದ.

ನನಗೆ ಅವನ ಮಾತು ಸರಿಯೆನಿಸಲಿಲ್ಲ. ಬೋರ್ಡೇ ಕೆಟ್ಟಿದ್ದರೆ ಗಡಿಯಾರ ನಡೆಯುತ್ತಿರಲಿಲ್ಲ, ಗುಂಡಿಗಳು ಮಾತು ಕೇಳುತ್ತಿರಲಿಲ್ಲ. ಅವೆಲ್ಲ ಸರಿಯಾಗಿಯೇ ಇದ್ದವು. ತಪ್ಪುತ್ತಿದ್ದದ್ದು ಬಿಸಿಯ ಲೆಕ್ಕ ಮಾತ್ರ. ಓವನ್ನಿನ ಹಿಂದಿನ ಗೋಡೆಯಿಂದ ಒಳಗೆ ಚಾಚಿಕೊಂಡ ಒಂದು ಸ್ಟೀಲಿನ ಕಡ್ಡಿ ಇರುತ್ತದೆ, ಪೆನ್ಸಿಲಿಗಿಂತ ತೆಳು. ಅದೇ ಸೆನ್ಸರ್. ಬಿಸಿಯಾದ ಹಾಗೆ ಅದರ ವಿದ್ಯುತ್ ರೋಧ ಏರುತ್ತದೆ, ತಣ್ಣಗಾದರೆ ಇಳಿಯುತ್ತದೆ. ಆ ಅಂಕಿಯನ್ನು ನೋಡಿಯೇ ಓವನ್ ತನ್ನೊಳಗೆ ಬಿಸಿ ಎಷ್ಟೆಂದು ತಿಳಿಯುವುದು. ಅಂಕಿ ಸುಳ್ಳಾದರೆ ಅದು ತಿಳಿಯುವುದೂ ಸುಳ್ಳು. ಸುಮ್ಮನಿರುವಾಗ ಬಿಸಿ ಎಂದು ತಿಳಿದರೆ ತಂಪು ಮಾಡುವ ಫ್ಯಾನನ್ನು ತಿರುಗಿಸುತ್ತದೆ. ಆಗ ಒಳಗೆ ಫ್ಯಾನಿಗೆ ಕರೆಂಟು ಕೊಡುವ ರಿಲೇ ಟಿಕ್ ಎನ್ನುತ್ತದೆ. ಗಾಳಿ ಸುಯ್ಯೆನ್ನುತ್ತದೆ. ಅಷ್ಟೇ ಅತ್ತೆಯ ಉಸಿರು.

ಫಯಾಝ್‌ಗೆ ಹೇಳಿ ಹೊಸ ಸೆನ್ಸರ್ ತರಿಸಿಕೊಂಡೆ. ಅವನಿಗೆ ನಂಬಿಕೆ ಇರಲಿಲ್ಲ. "ನಿಮ್ಮ ಇಷ್ಟ ಟೀಚರ್" ಎಂದ.

ಆಟಿ ಬಡಿಸುವ ಹಿಂದಿನ ದಿನ ಭಾನುವಾರ. ಮನ್ವಿತ್ ಚಾರ್ಮಾಡಿಯ ಕಡೆ ಒಂದು ತೋಟಕ್ಕೆ ಪಂಪು ಇಳಿಸಲು ಹೋಗಿದ್ದರು. ಮೋಹಿನಿ ಚಿಕ್ಕಮ್ಮ ಬಂದಿದ್ದರು. ಅಕ್ಕ ತಂಗಿ ಇಬ್ಬರೂ ಹಿಂದಿನ ಚಾವಡಿಯಲ್ಲಿ ಹಂಡೆಯ ಒಲೆಯ ಮೇಲೆ ಹಲಸಿನ ಬೀಜ ಬೇಯಿಸುತ್ತಿದ್ದರು. ಸಾಂತಾಣಿ ಮಾಡಲು. ಬೀಜವನ್ನು ಸಿಪ್ಪೆಯ ಸಮೇತ ಗಟ್ಟಿ ಉಪ್ಪುನೀರಿನಲ್ಲಿ ಬೇಯಿಸಿ, ಕಲ್ಲಿನ ಹಾಗಾಗುವವರೆಗೆ ಒಣಗಿಸಿ, ಮಳೆಗಾಲವಿಡೀ ಜಗಿಯುವುದು. ವಿಸ್ಮಿತಾ ಕೇಕಿನ ಕ್ರೀಮು ಮುಟ್ಟುತ್ತಿರಲಿಲ್ಲ, ಸಾಂತಾಣಿಯ ಡಬ್ಬಿ ಮಾತ್ರ ಅವಳ ಕೋಣೆಯಲ್ಲೇ ಇರುತ್ತಿತ್ತು. ಎಲೆಯಲ್ಲಿ ಅದು ಇರಲೇಬೇಕೆಂದು ಅತ್ತೆ ಮರಳಿನಲ್ಲಿ ಹುಗಿದಿಟ್ಟಿದ್ದ ಬೀಜಗಳನ್ನು ತೆಗೆದಿದ್ದರು.

ನಾನು ಓವನ್ನಿನ ಸ್ವಿಚ್ ತೆಗೆದೆ. ಪ್ಲಗ್ ಎಳೆದೆ. ಮೀಟರಿನ ಹತ್ತಿರ ಹೋಗಿ ಅಡುಗೆಮನೆಯ ಲೈನನ್ನೂ ಆಫ್ ಮಾಡಿದೆ. ವಾಪಸ್ ಬಂದು ಪ್ಲಗ್ ನಿಜಕ್ಕೂ ಹೊರಗಿದೆಯೇ ಎಂದು ಇನ್ನೊಮ್ಮೆ ನೋಡಿದೆ. ಓವನ್ನನ್ನು ಗೋಡೆಯಿಂದ ಎಳೆದು ಹಿಂದಿನ ತಗಡು ಬಿಚ್ಚಿದೆ.

ಸೆನ್ಸರಿನ ಎರಡು ವೈರುಗಳು ಬಿಳಿಯ ಸಣ್ಣ ಕನೆಕ್ಟರಿಗೆ ಬಂದು ಸೇರಿದ್ದವು. ಮನ್ವಿತ್‌ರ ಮಲ್ಟಿಮೀಟರ್ ಹಿಡಿದೆ. ಕೋಣೆಯ ತಾಪದಲ್ಲಿ ಸಾವಿರದ ನೂರು ಓಮ್‌ನ ಆಸುಪಾಸು ಇರಬೇಕು. ಅಂಕಿ ಒಂದು ಕಡೆ ನಿಲ್ಲಲೇ ಇಲ್ಲ. ವೈರನ್ನು ಸ್ವಲ್ಪ ಅಲುಗಿಸಿದರೆ ಎಲ್ಲಿಗೋ ಏರಿತು, ಬಿಟ್ಟರೆ ಇಳಿಯಿತು. ಕನೆಕ್ಟರನ್ನು ಬಿಡಿಸಿ ಕಡ್ಡಿಯನ್ನು ಒಳಗಿನಿಂದ ಹೊರಗೆಳೆದೆ. ಅದರ ಬುಡದ ಹತ್ತಿರ ವೈರಿನ ಸಿಪ್ಪೆ ತೆಗೆದು ಅಳೆದರೆ ಅಂಕಿ ಸರಿಯಿತ್ತು. ಬಿಸಿನೀರಿನ ಲೋಟದಲ್ಲಿ ಅದರ ತುದಿ ಅದ್ದಿದರೆ ಏರಿತು, ತಣ್ಣೀರಿನಲ್ಲಿ ಇಳಿಯಿತು. ಕಡ್ಡಿ ಸತ್ತಿರಲಿಲ್ಲ. ಕೆಟ್ಟದ್ದು ಕನೆಕ್ಟರ್. ಅದರ ಲೋಹದ ಹಲ್ಲುಗಳು ಹಸಿರಾಗಿ ತುಕ್ಕು ತಿಂದಿದ್ದವು. ಸುತ್ತ ಬಿಳಿಯ ಪುಡಿ ಗಟ್ಟಿಯಾಗಿ ಕೂತಿತ್ತು.

ಕೇವಲ ಮಳೆಯ ಪಸೆಗೆ ಇಷ್ಟು ಬಿಳಿ ಪುಡಿ ಬರುವುದಿಲ್ಲ. ಪ್ರಯೋಗಾಲಯದಲ್ಲಿ ಏನನ್ನೂ ನಾಲಗೆಗೆ ತಾಗಿಸಬೇಡಿ ಎಂದು ದಿನವೂ ಹೇಳುವವಳು ನಾನೇ. ಆದರೂ ಉಗುರಿನ ತುದಿಯಲ್ಲಿ ತೆಗೆದು ನಾಲಗೆಗೆ ಮುಟ್ಟಿಸಿದೆ.

ಉಪ್ಪು.

ಓವನ್ನಿನ ಬೆನ್ನಿಗೆ ಉಪ್ಪು ಎಲ್ಲಿಂದ ಬಂತು? ಕಡ್ಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅದು ನೇರವಾಗಿರಲಿಲ್ಲ, ಏನೋ ಭಾರ ಜಗ್ಗಿದಂತೆ ಕೆಳಗೆ ಬಾಗಿತ್ತು. ಬುಡದಲ್ಲಿ ಒಂದು ಎಳೆ ನೂಲು ಸುತ್ತಿಕೊಂಡು ಕಪ್ಪಾಗಿತ್ತು. ತಿರುಗಿಸಿ ನೋಡಿದರೆ ಒಳಬದಿಯಲ್ಲಿ ಅದರ ಬಣ್ಣ ಉಳಿದಿತ್ತು, ಕೆಂಪು. ಮೈ ಒರೆಸುವ ಬೈರಾಸಿನ ಅಂಚಿನ ಕೆಂಪು.

ಯೋಚನೆಯನ್ನು ಅಲ್ಲಿಗೇ ಬಿಟ್ಟು ನಾನು ಇನ್ನೊಂದು ಪರೀಕ್ಷೆ ಮಾಡಿದೆ. ಒಣಗಿದ ಉಪ್ಪು ಈಗ ಅಂಕಿಯನ್ನು ಏರಿಸುತ್ತಿತ್ತು, ತುಕ್ಕಿನಿಂದ. ಆದರೆ ಹಸಿಯಿದ್ದಾಗ? ಒಂದು ಚಮಚ ಉಪ್ಪುನೀರು ಮಾಡಿ ಹೊಸ ಸೆನ್ಸರಿನ ಕನೆಕ್ಟರಿನ ಮೇಲೆ ತೊಟ್ಟು ಬಿಟ್ಟೆ. ಮೀಟರಿನ ಅಂಕಿ ಜಾರಿತು. ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಮತ್ತೆ ಬಿಟ್ಟೆ. ಮತ್ತೆ ಜಾರಿತು. ಅಂಕಿ ಕಡಿಮೆಯೆಂದರೆ ಓವನ್ನಿಗೆ ತಂಪು. ಒಳಗೆ ಕೆಂಡದಂತೆ ಉರಿಯುತ್ತಿದ್ದರೂ, ಇನ್ನೂ ಕಾದಿಲ್ಲ, ಇನ್ನೂ ಕಾದಿಲ್ಲ ಎಂದು ಕಾಯಿಲನ್ನು ಉರಿಸುತ್ತಲೇ ಇರುತ್ತದೆ. ಯಾವ ಕೇಕ್ ಇಟ್ಟರೂ ಮೇಲೆ ಇದ್ದಿಲು, ಒಳಗೆ ಹಸಿ ಹಿಟ್ಟು.

ಮೊಬೈಲ್ ಅಲ್ಲ. ಅವಳು ಎಷ್ಟು ಎಚ್ಚರವಾಗಿದ್ದರೂ ಆ ಕೇಕ್ ಕರಟುತ್ತಿತ್ತು. ಒಂದು ವರ್ಷದಿಂದ ಮದುವೆಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಅವಳ ಫೋಟೋದ ಎದುರಿನಲ್ಲೇ ಹೇಳಿಕೊಂಡು ಬಂದದ್ದೆಲ್ಲ ಸುಳ್ಳು. ಮನ್ವಿತ್‌ಗೆ ಈಗಲೇ ಹೇಳಬೇಕು ಎಂದು ಫೋನ್ ಕೈಗೆತ್ತಿಕೊಂಡೆ. ಅವರ ಹೆಸರನ್ನು ಹುಡುಕಿ ತೆಗೆದೆ.

ಹಿಂದಿನ ಚಾವಡಿಯಿಂದ ಚಿಕ್ಕಮ್ಮನ ಸ್ವರ ಕೇಳಿತು.

"ಅಕ್ಕಾ, ಈ ಮಳೆಗೆ ನಿನ್ನ ಸಾಂತಾಣಿ ಒಣಗುವುದು ಯಾವಾಗ? ಬರುವ ವರ್ಷದ ಆಟಿಗಾ?"

"ಒಲೆಯ ಮೇಲೆ ಕಟ್ಟಬಹುದು. ಆದರೆ ಹೊಗೆ ವಾಸನೆ ಬರ್ತದೆ. ಅವಳಿಗೆ ಆಗುವುದಿಲ್ಲ."

"ಹೋದ ಮೇಲೂ ಅವಳ ನಖರಾ ಹೋಗಲಿಲ್ಲವಾ?"

ಅತ್ತೆ ನಕ್ಕರು. ಅವರ ನಗೆ ಕೇಳಿ ತುಂಬ ಕಾಲವಾಗಿತ್ತು. "ಬೇರೆ ದಾರಿ ಉಂಟು. ಅವಳ ಕೇಕಿನ ಪೆಟ್ಟಿಗೆಯಲ್ಲೇ ತೂಗು ಹಾಕುವ. ಒಂದು ರಾತ್ರಿಗೆ ಗಲಗಲ ಒಣಗ್ತದೆ. ಒಳಗೆ ಹಿಂದಿನ ಗೋಡೆಯಲ್ಲಿ ಒಂದು ಕೊಕ್ಕೆ ಉಂಟು ಮಾರಾಯ್ತಿ, ಕಡ್ಡಿಯ ಹಾಗೆ. ಯಾಕೆ ಇಟ್ಟಿದ್ದಾರೋ, ಏನೋ. ಕಳೆದ ವರ್ಷ ಬೀಜವನ್ನು ಬೈರಾಸಿನಲ್ಲಿ ಗಂಟು ಕಟ್ಟಿ ಅದಕ್ಕೇ ನೇತು ಹಾಕಿದ್ದೆ. ಜಾರಬಾರದು ಅಂತ ಬುಡದವರೆಗೆ ದೂಡಿ. ಅವಳು ಕೇಕ್ ಮಾಡಿ ಮುಗಿಸಿದ ಮೇಲೆ ಒಳಗಿನ ಬಿಸಿ ಸುಮ್ಮನೆ ಹಾಳಾಗ್ತದಲ್ಲ."

"ಅವಳ ಪೆಟ್ಟಿಗೆ ಮುಟ್ಟಿದ್ದಕ್ಕೆ ಬೈಯಲಿಲ್ಲವಾ ನಿನಗೆ? ನನಗಾದರೆ ಅಡುಗೆಮನೆಗೇ ಕಾಲಿಡ್ಲಿಕ್ಕೆ ಬಿಡ್ತಿರಲಿಲ್ಲ."

"ಇಲ್ಲ. ಬೆಳಿಗ್ಗೆ ನಾನು ಏಳುವ ಮೊದಲೇ ಅವಳೇ ತೆಗೆದು ಹೊರಗೆ ಹಗ್ಗದಲ್ಲಿ ಹಾಕಿದ್ದಳು. ಇನ್ನೂ ನೀರು ತೊಟ್ಟಿಕ್ಕುತ್ತಾ ಇತ್ತು. ಒಂದು ಬೀಜ ಬಾಯಿಗೆ ಹಾಕಿಕೊಂಡು, 'ಉಪ್ಪು ಸರಿ ಉಂಟು ಅಮ್ಮ, ಆದರೆ ಇನ್ನು ಅಲ್ಲಿ ಹಾಕಬೇಡಿ' ಅಂದಳು. ಅಷ್ಟೇ." ಅತ್ತೆಯ ಸ್ವರ ತಗ್ಗಿತು. "ಅದೇ ದಿನ ಅಲ್ಲವಾ ಬೆಳ್ತಂಗಡಿಯ ಕೇಕ್."

ಒಲೆಯಲ್ಲಿ ಕಟ್ಟಿಗೆ ಚಟಪಟ ಎಂದಿತು. ಫೋನಿನ ಮೇಲೆ ಮನ್ವಿತ್ ಎಂಬ ಹೆಸರು ಬೆಳಗುತ್ತಿತ್ತು. ನಾನು ಅದನ್ನು ಆರಿಸಿದೆ.

ವಿಸ್ಮಿತಾಳಿಗೆ ಗೊತ್ತಿತ್ತೇ? ಉಪ್ಪುನೀರು ಆ ಕಡ್ಡಿಯ ಬುಡದಿಂದ ಹಿಂದಕ್ಕೆ ಇಳಿದಿದೆ ಎಂದು ಅವಳು ಊಹಿಸಿದ್ದಳೇ? ಮೊಬೈಲ್ ನೋಡುತ್ತಿದ್ದೆ ಎಂದು ಅಣ್ಣನಿಗೆ ಹೇಳಿದ್ದು ನಿಜವೇ, ಅಥವಾ ಅಮ್ಮನ ಮೇಲೆ ಅಣ್ಣ ರೇಗದಿರಲಿ ಎಂದೇ? ಅಥವಾ ಅವಳಿಗೆ ಏನೂ ಗೊತ್ತಿರದೆ, ತನ್ನದೇ ತಪ್ಪು ಎಂದು ನಂಬಿಯೇ ಹೊರಟಳೇ? ಇದನ್ನು ಕೇಳಲು ಈಗ ಯಾರೂ ಇಲ್ಲ.

ಅರ್ಧ ಹೇಳಬಹುದೇ ಎಂದು ನಾನು ತುಂಬ ಹೊತ್ತು ಲೆಕ್ಕ ಹಾಕಿದೆ. ಸೆನ್ಸರ್ ಕೆಟ್ಟಿತ್ತು, ವಿಸ್ಮಿತಾಳದು ತಪ್ಪಿಲ್ಲ, ಅಷ್ಟೇ ಎಂದು. ಆದರೆ ಮನ್ವಿತ್ ಅಷ್ಟಕ್ಕೆ ಬಿಡುವವರಲ್ಲ. ಕಡ್ಡಿಯನ್ನು ಕೈಯಲ್ಲಿ ಹಿಡಿದು, ಮೂಸಿ, ಉಪ್ಪು ಎಲ್ಲಿಂದ ಬಂತು, ಯಾರು ಬಗ್ಗಿಸಿದ್ದು ಎಂದು ಕೇಳುತ್ತಾರೆ. ಸುಟ್ಟವರು ಸಿಗುವವರೆಗೆ ಕೇಳುತ್ತಾರೆ. ಕಡ್ಡಿಯನ್ನು ಅಡಗಿಸಿಟ್ಟು ಬರೀ ಬಾಯಲ್ಲಿ ಹೇಳಿದರೂ ಸಾಕು. ಒಳಗಿನ ಕಡ್ಡಿ ಎಂಬ ಒಂದು ಮಾತು ಕಿವಿಗೆ ಬಿದ್ದರೆ ಉಳಿದದ್ದನ್ನು ಅತ್ತೆಯೇ ಜೋಡಿಸಿಕೊಳ್ಳುತ್ತಾರೆ. ಅವರ ಕೈಯೇ ಆ ಗಂಟನ್ನು ಬುಡದವರೆಗೆ ದೂಡಿದ್ದು. ಉಸಿರು ಕೇಳಲು ಓವನ್ನಿನೊಳಗೆ ತಲೆಯಿಟ್ಟವರು, ಆ ಮಾತು ಕೇಳಿದ ಮೇಲೆ ಏನು ಮಾಡಿಯಾರು?

ಹೊಸ ಸೆನ್ಸರನ್ನು ಉಪ್ಪು ಹೋಗುವಂತೆ ತೊಳೆದು, ಒಣಗಿಸಿ ಜೋಡಿಸಿದೆ. ಹಳೆಯ ಕನೆಕ್ಟರನ್ನು ಕತ್ತರಿಸಿ ಹೊಸತು ಹಾಕಿದೆ. ತಗಡು ಮುಚ್ಚಿದೆ. ಫಯಾಝ್ ಬಿಟ್ಟುಹೋದ ಸ್ಕ್ರೂವನ್ನೂ ಅದರ ಜಾಗಕ್ಕೆ ಹಾಕಿದೆ. ಕರೆಂಟು ಕೊಟ್ಟಾಗ ಕೆಂಪು ಅಕ್ಷರ ಬರಲಿಲ್ಲ. ಗಡಿಯಾರ ಸರಿಮಾಡಿ, ಚಾವಡಿಗೆ ಹೋಗಿ, ಬೆಂದ ಬೀಜದ ಪಾತ್ರೆಗೆ ಕೈಚಾಚಿದೆ.

"ಕೊಡಿ ಮಾಮಿ. ನಾನು ಟ್ರೇಯಲ್ಲಿ ಹರಡಿ, ಸಣ್ಣ ಬಿಸಿಯಲ್ಲಿ ಒಣಗಿಸಿ ಕೊಡ್ತೇನೆ. ನೇತು ಹಾಕುವುದು ಬೇಡ."

"ಯಾಕೆ? ಆ ಕೊಕ್ಕೆ ಹಾಳಾಯಿತಾ?" ಎಂದರು ಅತ್ತೆ.

"ಇಲ್ಲ ಮಾಮಿ. ಟ್ರೇಯಲ್ಲಿ ಬೇಗ ಒಣಗ್ತದೆ."

ಒಂದು ವರ್ಷದ ಮೇಲೆ ಓವನ್ನಿನ ಒಳಗಿನ ದೀಪ ಹತ್ತಿತು. ಅತ್ತೆ ಅದರ ಎದುರು ಮಣೆ ಹಾಕಿ ಕುಳಿತು, ಬೀಜಗಳ ಮೇಲಿನ ನೀರು ಆರುವುದನ್ನು ಗಾಜಿನ ಆಚೆಯಿಂದ ನೋಡುತ್ತಿದ್ದರು. ನಾನು ಅವರನ್ನು ನೋಡುತ್ತಿದ್ದೆ.

ಸಂಜೆ ಮನ್ವಿತ್ ಬಂದು ಕಾಲು ತೊಳೆಯುವ ಮೊದಲೇ ಕೇಳಿದರು, "ಸಿಕ್ಕಿತಾ?"

"ಸಿಕ್ಕಿತು. ಹಿಂದೆ ಒಂದು ವೈರ್ ಸಡಿಲ ಇತ್ತು."

"ಸಡಿಲ ತಾನಾಗಿ ಆಗುವುದಿಲ್ಲ."

"ಮಳೆಗಾಲದ ಪಸೆ. ತುಕ್ಕು ಹಿಡಿದಿತ್ತು."

ಅವರು ಟ್ರೇಯಿಂದ ಒಂದು ಬೀಜ ತೆಗೆದು ಬೆರಳಿನಲ್ಲಿ ಒತ್ತಿ ನೋಡಿದರು. ಎಲ್ಲ ಬೀಜಗಳೂ ಒಂದೇ ಹದದಲ್ಲಿ ಒಣಗಿದ್ದವು, ಒಂದೂ ಕಪ್ಪಾಗಿರಲಿಲ್ಲ. "ಹಾಗಾದ್ರೆ ಓವನ್ ಸರಿಯಾಗಿಯೇ ಉಂಟು."

"ಉಂಟು."

"ನೋಡು, ನಾನು ಅವತ್ತೇ ಹೇಳಲಿಲ್ಲವಾ? ಓವನ್ನಿಗೆ ಏನೂ ಆಗಿರಲಿಲ್ಲ. ಆ ಮೊಬೈಲ್..." ಬೀಜವನ್ನು ಟ್ರೇಗೆ ಹಾಕಿ ಬಚ್ಚಲಿಗೆ ಹೋದರು.

ನಾನೇ ಸರಿಮಾಡಿದ ಓವನ್ ಈಗ ವಿಸ್ಮಿತಾಳ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ನಾನು ಬಾಯಿ ತೆರೆದೆ. ಅಡುಗೆಮನೆಯಲ್ಲಿ ಅತ್ತೆ ಚಿಕ್ಕಮ್ಮನಿಗೆ, ಅವಳ ಎಲೆ ಇಲ್ಲಿಗೇ ಬರಲಿ, ಓವನ್ನಿನ ಎದುರಿಗೆ ಎನ್ನುತ್ತಿದ್ದರು. ಬಾಯಿ ಮುಚ್ಚಿದೆ.

ಮರುದಿನ ಬಡಿಸಿದೆವು. ಕೋಳಿ, ಅಕ್ಕಿರೊಟ್ಟಿ, ಎಲೆಯ ತುದಿಯಲ್ಲಿ ಒಂದು ಹಿಡಿ ಸಾಂತಾಣಿ. ಅತ್ತೆ ಎಲೆಯ ಮುಂದೆ ಕೈಮುಗಿದು ತುಳುವಿನಲ್ಲಿ ಮೆಲ್ಲಗೆ ಏನೋ ಹೇಳಿದರು. ತಿಂದು ತೃಪ್ತಿಯಾಗಿ ಹೋಗು ಎಂದಿರಬೇಕು, ಅಥವಾ ಹೋಗಬೇಡ ಎಂದಿರಬೇಕು. ಬಾಗಿಲು ಎಳೆದುಕೊಂಡು ಹೊರಗೆ ಕುಳಿತೆವು. ಮನ್ವಿತ್ ನೆಲ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಚಿಕ್ಕಮ್ಮ ಕರೆದು, ತಟ್ಟಿ, ತೆರೆದರು. ಅತ್ತೆ ಎಲೆಯ ಮೇಲೆ ಬಗ್ಗಿ ನೋಡಿದರು.

"ಸಾಂತಾಣಿ ಕಡಿಮೆಯಾಗಿದೆ" ಎಂದರು.

"ಆಗಿದೆ ಅಕ್ಕಾ, ಆಗಿದೆ" ಎಂದರು ಚಿಕ್ಕಮ್ಮ. ಯಾವುದಕ್ಕೂ ಒಂದು ಕೊಂಕು ಹುಡುಕುವವರು ಆಗ ಹುಡುಕಲಿಲ್ಲ.

ಆ ರಾತ್ರಿ ಅತ್ತೆ ಚಾಪೆಯ ಮೇಲೆ ಕಣ್ಣು ಬಿಟ್ಟು ಮಲಗಿದ್ದರು. ಟಿಕ್ ಎನ್ನಲಿಲ್ಲ. ಗಾಳಿ ಏಳಲಿಲ್ಲ. ಬೆಳಿಗ್ಗೆ ಅವರೇ ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿದರು. ನನಗೆ ಬೇಕಾಗಿದ್ದದ್ದು ಅದೇ. ಆದರೆ ಅವರ ಮುಖ ನೋಡಿದರೆ, ಕಾಯಿಲೆ ಬಿಟ್ಟವರ ಹಾಗಿರಲಿಲ್ಲ. ಮಗಳ ಸಾವಿನ ಸುದ್ದಿಯನ್ನು ಎರಡನೇ ಸಲ ಕೇಳಿದವರ ಹಾಗಿತ್ತು.

ಚಿಕ್ಕಮ್ಮನನ್ನು ಬಸ್ಸಿಗೆ ಬಿಡಲು ಮನ್ವಿತ್ ಹೋದ ಮೇಲೆ ಅತ್ತೆ ನನ್ನ ಪಕ್ಕ ಬಂದು ಕುಳಿತರು.

"ಹೋದಳು, ಅಲ್ಲವಾ?"

"ಹೌದು ಮಾಮಿ."

"ಒಂದು ಮಾತು ಹೇಳದೆ ಹೋದಳು." ಸೆರಗಿನ ಗಂಟನ್ನು ಮುಟ್ಟಿ ನೋಡಿದರು. "ನೀನು ಆ ಪೆಟ್ಟಿಗೆಗೆ ಏನಾದರೂ ಮಾಡಿದೆಯಾ ಮಗಾ?"

"ಹಿಂದೆ ಧೂಳಿತ್ತು ಮಾಮಿ. ಒರೆಸಿದೆ."

ಹಳೆಯ ಕಡ್ಡಿ ಆಗ ನನ್ನ ಕಾಲೇಜಿನ ಬ್ಯಾಗಿನಲ್ಲಿ, ಕರವಸ್ತ್ರದೊಳಗೆ ಇತ್ತು. ಅದನ್ನು ಮೂಡುಬಿದಿರೆಯಲ್ಲಿ, ಪ್ರಯೋಗಾಲಯದ ಮುರಿದ ಸಾಮಾನುಗಳ ನಡುವೆ ಎಸೆದರೆ ಯಾರೂ ಕೇಳುವುದಿಲ್ಲ. ಕೆಂಪು ನೂಲನ್ನು ಬಿಡಿಸಿ ಒಲೆಗೆ ಹಾಕಿಯಾಗಿತ್ತು.

ಅತ್ತೆ ಸೆರಗಿನಲ್ಲಿ ಕಟ್ಟಿಟ್ಟಿದ್ದ ಸಾಂತಾಣಿ ಬಿಚ್ಚಿ, ಒಂದನ್ನು ಸಿಪ್ಪೆ ಸುಲಿದು ನನ್ನ ಅಂಗೈಯಲ್ಲಿಟ್ಟರು. ಅವಳ ಎಲೆಯದ್ದು.

"ತಿನ್ನು. ಉಪ್ಪು ಸರಿ ಉಂಟಾ ನೋಡು."

ಬಾಯಿಗೆ ಹಾಕಿಕೊಂಡೆ. ಕಲ್ಲಿನ ಹಾಗಿತ್ತು. ಜಗಿಯುತ್ತ ಜಗಿಯುತ್ತ ಉಪ್ಪು ಬಿಟ್ಟುಕೊಂಡಿತು, ಕನೆಕ್ಟರಿನ ಮೇಲಿನ ಅದೇ ಉಪ್ಪು. ಮನ್ವಿತ್ ಇನ್ನೂ ಎಷ್ಟು ಮನೆಗಳಲ್ಲಿ ಆ ಮೊಬೈಲಿನ ಮಾತು ಹೇಳುತ್ತಾರೋ, ನಾನು ಪಕ್ಕದಲ್ಲಿ ಕುಳಿತು ಎಷ್ಟು ಸಲ ಕೇಳಿಸಿಕೊಳ್ಳಬೇಕೋ. ವಿಸ್ಮಿತಾಳ ಕಡೆಯಿಂದ ಒಂದು ಮಾತು ಹೇಳಬಲ್ಲವಳು ಈ ಲೋಕದಲ್ಲಿ ನಾನೊಬ್ಬಳೇ. ಅತ್ತೆ ಉತ್ತರಕ್ಕೆ ಕಾಯುತ್ತ ನನ್ನ ಬಾಯನ್ನೇ ನೋಡುತ್ತಿದ್ದರು.

"ಸರಿ ಉಂಟು ಮಾಮಿ" ಎಂದೆ. ಉಳಿದದ್ದನ್ನು ಅವರಿಗಾಗಲಿ, ಮನ್ವಿತ್‌ಗಾಗಲಿ, ಯಾರಿಗೂ ಎಂದೂ ಹೇಳುವುದಿಲ್ಲ ಎಂದು ಆ ಬೀಜವನ್ನು ನುಂಗುವಾಗ ನಿಶ್ಚಯಿಸಿದೆ.